ಆಗುಂಬೆಯಲ್ಲೂ ಮಳೆಗೆ ಟ್ಯಾಂಕರ್ ಯಾಕೆ?
ಅಷ್ಟು ಮಳೆ ಬೀಳುವ ಊರಲ್ಲಿ ಪತ್ತೇದಾರಿ ಧಾರಾವಾಹಿಯವರು ಟ್ಯಾಂಕರ್ ನೀರು ಯಾಕೆ ಸುರಿಸುತ್ತಾರೆ ಅಂತ ಕೇಳಿದ್ದೀರಲ್ವಾ? ನಿಜವಾದ ಮಳೆ ಕ್ಯಾಮೆರಾಗೆ ಅಷ್ಟಾಗಿ ಕಾಣುವುದೇ ಇಲ್ಲ. ಹನಿಯ ಹಿಂದಿನಿಂದ ಲೈಟ್ ಹೊಡೆದರೆ ಮಾತ್ರ ಹೊಳೆಯುತ್ತದೆ. ಅದಕ್ಕೇ ಮೇಲಿಂದ ಪೈಪಿನಲ್ಲಿ ದಪ್ಪ ಹನಿ ಬಿಡುತ್ತಾರೆ.

ಜೊತೆಗೆ, ಬೇಕಾದಾಗ ನಿಲ್ಲಿಸಬಹುದು. ಕೊಲೆ ಕಥೆಯಲ್ಲಿ ಇದು ಜಾಸ್ತಿ ಮುಖ್ಯ. ಜಗಲಿಯ ಮೇಲಿನ ಕೆಸರು ಹೆಜ್ಜೆ ಒಂದು ಶಾಟ್‌ನಲ್ಲಿ ಹಸಿ, ಮುಂದಿನದರಲ್ಲಿ ಒಣಗಿದ್ದರೆ ಸುಳಿವೇ ಕೆಟ್ಟಿತು! ಹಾಗಾಗಿ ಫೋಟೋ ತೆಗೆದಿಟ್ಟುಕೊಂಡು, ಪ್ರತಿ ಟೇಕ್‌ಗೂ ಮುಂಚೆ ಸ್ಪ್ರೇ ಬಾಟಲಿಯಿಂದ ಮತ್ತೆ ಒದ್ದೆ ಮಾಡುತ್ತಾರೆ.

ತೊಟ್ಟಿ ಮನೆಯ ಒಳಭಾಗ ಎಷ್ಟೋ ಸಲ ಪ್ಲೈವುಡ್ ಸೆಟ್. ಕ್ಯಾಮೆರಾಗೆ ಜಾಗ ಬೇಕಾದರೆ ಒಂದು ಗೋಡೆಯನ್ನೇ ಕಳಚಿ ಪಕ್ಕಕ್ಕಿಡಬಹುದು. ‘ಮಾಲ್ಗುಡಿ ಡೇಸ್’ಗೆ ಶಂಕರ್ ನಾಗ್ ಆಗುಂಬೆಯ ನಿಜವಾದ ದೊಡ್ಡ ಮನೆಯನ್ನೇ ಬಳಸಿದ್ದರು. ನನಗೆ ಅದೇ ಇಷ್ಟ, ಆ ಕಂಬಗಳ ಹೊಳಪು ಪ್ಲೈವುಡ್‌ಗೆ ಸುಮ್ನೆ ಬರುವುದಿಲ್ಲ.