ಬ್ಲೀಚ್ ಗ್ಯಾಸ್ ಎಳೆದುಕೊಂಡ ಮೇಲೆ ನಿಲ್ಲದ ಕೆಮ್ಮು

ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಗ್ಯಾಸ್ ಎಳೆದುಕೊಂಡ ತಮ್ಮನಿಗೆ ಕೆಮ್ಮು ನಿಲ್ಲುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ಬ್ಲೀಚ್‌ಗೆ ಆಸಿಡ್ ಬೆರೆತು ಎದ್ದ ಗ್ಯಾಸ್ ಅಂದರೆ ಬಹುತೇಕ ಕ್ಲೋರಿನ್. ಎಕ್ಸ್‌ರೇ ಸರಿಯಿದ್ದೂ ನಿಮ್ಮ ತಮ್ಮನಿಗೆ ಆರು ವಾರದಿಂದ ಕೆಮ್ಮು, ಉಬ್ಬಸ ಇದೆ ಅಂದರೆ, ಉಸಿರುನಾಳದ ಒಳಪದರ ಸುಟ್ಟು ಆಸ್ತಮಾದ ಹಾಗೆ ಬಿಗಿಯುತ್ತಿರಬಹುದು. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನನಗೂ ಹೀಗೇ ಆಗಿತ್ತು, ಸಿರಪ್ ಕುಡಿದುಕೊಂಡೇ ಎರಡು ತಿಂಗಳು ಕಳೆದೆ. ನೀವು ಹಾಗೆ ಮಾಡಬೇಡಿ.

ಮೊದಲು ಅವನನ್ನು ಆ ಕೆಲಸದಿಂದ ದೂರ ಇಡಿ. ಆಮೇಲೆ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ (ಮೊದಲು ವಿಮ್ಸ್ ಅಂತಿತ್ತು) ಶ್ವಾಸಕೋಶದ ಡಾಕ್ಟರನ್ನು ನೋಡಿ, ಸ್ಪೈರೊಮೆಟ್ರಿ, ಅಂದರೆ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ, ಮಾಡಿಸಿ. ಗ್ಯಾಸ್ ತಗುಲಿದ ದಿನ, ಎಷ್ಟು ಹೊತ್ತು ಒಳಗಿದ್ದ, ಕೆಮ್ಮು ಎಷ್ಟು ಗಂಟೆಗೆ ಶುರುವಾಯಿತು, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. 24 ಗಂಟೆಯೊಳಗೆ ಶುರುವಾಗಿದ್ದರೆ ಗ್ಯಾಸಿನಿಂದಲೇ ಆಗಿದ್ದು ಅನ್ನುವುದಕ್ಕೆ ಅದು ದೊಡ್ಡ ಸುಳಿವು. ಸ್ಪೈರೊಮೆಟ್ರಿ ಸರಿ ಬಂದರೂ ಕಾಯಿಲೆ ಇಲ್ಲ ಅಂತಲ್ಲ. ಕೆಲವರಿಗೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಇನ್ಹೇಲರ್ ಕೊಟ್ಟರೆ ಹೆದರಬೇಡಿ, ಚಟ ಹತ್ತುವುದಿಲ್ಲ. ಸ್ಟೀರಾಯ್ಡ್ ಇನ್ಹೇಲರ್ ಆದರೆ ಪ್ರತಿ ಸಲ ಬಾಯಿ ಮುಕ್ಕಳಿಸಲಿ. ಸ್ವಲ್ಪ ಹಗುರಾಯಿತು ಅಂತ ತಾನೇ ನಿಲ್ಲಿಸಬಾರದು. ಬೀಡಿ, ಸೊಳ್ಳೆ ಬತ್ತಿ, ಮೆಣಸಿನಕಾಯಿ ಘಾಟು, ನಮ್ಮೂರಿನ ಅದಿರಿನ ಧೂಳು, ಎಲ್ಲವೂ ಕೆಣಕುತ್ತವೆ. ಕೆಲವರು ತಿಂಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಇವನದು ಯಾವುದು ಅಂತ ಈಗಲೇ ಹೇಳಲಾಗದು.

ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಾರ್ಡ್ ಇದ್ದರೆ ಅಪಘಾತ ದಾಖಲಾಗಿದೆಯಾ ಕೇಳಿ. ಒಂದು ವಾಕ್ಯ ಮಾತಾಡುವಷ್ಟೂ ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕಾಯದೆ 108ಕ್ಕೆ ಫೋನ್ ಮಾಡಿ.