ಕುಂಬಳೆಯಲ್ಲಿ ಎರಡನೇ ಬಾಡಿಗೆ ಮನೆ ಸಾಲದಲ್ಲಿ ಕೊಂಡರೆ ಬಾಡಿಗೆಯಿಂದಲೇ ಕಂತು ಕಟ್ಟಬಹುದೇ?

ಬಾಡಿಗೆಯೊಂದರಿಂದಲೇ ಕಷ್ಟ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಎಂದಿಟ್ಟುಕೊಳ್ಳಿ. ಕೈಯಿಂದ 10 ಲಕ್ಷ ಸಾಲದು. ಕುಂಬಳೆ ಇರುವ ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶೇ. 2, ಅಂದರೆ ಇನ್ನೂ 3.5 ಲಕ್ಷ. ಹೆಚ್ಚಿನವರು ಎಡವುವುದು ಇಲ್ಲೇ: ಇದಕ್ಕೆಂದು ದುಬಾರಿ ಪರ್ಸನಲ್ ಲೋನ್ ತೆಗೆಯುತ್ತಾರೆ.

ಶೇ. 9 ಬಡ್ಡಿ, 20 ವರ್ಷಕ್ಕೆ ಕಂತು ಸುಮಾರು 22,500 ರೂ. ಬಾಡಿಗೆ 12,000 ಬಂದರೂ ವರ್ಷಕ್ಕೆ 11 ತಿಂಗಳದ್ದನ್ನೇ ಲೆಕ್ಕ ಹಿಡಿಯಿರಿ. ಒಂದು ತಿಂಗಳು ಮನೆ ಖಾಲಿ. ಮತ್ತೊಂದು ತಿಂಗಳದ್ದು ಕಟ್ಟಡ ತೆರಿಗೆ, ಪಂಪು, ಮಳೆಗಾಲದ ಸೋರಿಕೆಗೆ. ಉಳಿಯುವುದು ತಿಂಗಳಿಗೆ 10,000. ಕೊರತೆ 12,500.

ಮೊದಲ ಮನೆಯ ಬಾಡಿಗೆಯೋ ಸಂಬಳವೋ ಇದನ್ನು ತುಂಬಬೇಕು. ಅಡಿಕೆ ತೋಟವಿದ್ದರೂ ಆ ದುಡ್ಡನ್ನು ನೆಚ್ಚಬೇಡಿ: ಅದು ಫಸಲಿಗೆ ಬರುತ್ತದೆ, ಕಂತು ತಿಂಗಳಿಗೆ. ಆರು ಕಂತಿನಷ್ಟು, ಸುಮಾರು 1.35 ಲಕ್ಷ, ಎಫ್‌ಡಿಯಲ್ಲಿ ಇಲ್ಲದಿದ್ದರೆ ಕೊಳ್ಳುವುದನ್ನು ಮುಂದೂಡುವುದೇ ಮೇಲು. ಬಡ್ಡಿ ಶೇ. 10ಕ್ಕೇರಿದರೆ ಕಂತು 1,600 ಹೆಚ್ಚುತ್ತದೆ, ಇಲ್ಲವೇ ಅವಧಿ ಉದ್ದವಾಗುತ್ತದೆ.

ತೆರಿಗೆ ಉಳಿತಾಯವನ್ನೂ ಅತಿಯಾಗಿ ನಂಬಬೇಡಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಬಾಡಿಗೆ ಮನೆಯ ನಷ್ಟವನ್ನು (ಬಾಡಿಗೆಗಿಂತ ಸಾಲದ ಬಡ್ಡಿ ಹೆಚ್ಚಾದಾಗ ಆಗುವುದು) ಸಂಬಳದಿಂದ ಕಳೆಯಲಾಗದು. ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಕಳೆಯಬಹುದು. ಫ್ಲೋಟಿಂಗ್ (ಏರಿಳಿಯುವ) ಬಡ್ಡಿಯ ಗೃಹಸಾಲಕ್ಕೆ ಮುಂಗಡ ಪಾವತಿ ದಂಡವಿಲ್ಲ. ಅಡಿಕೆ ದುಡ್ಡು ಬಂದಾಗ ಅಸಲಿಗೆ ಕಟ್ಟಿ, ಅವಧಿಯ ಬದಲು ಕಂತನ್ನೇ ಇಳಿಸಲು ಬ್ಯಾಂಕಿಗೆ ಬರೆದುಕೊಡಿ.