"ಕೂಡಿಸೋದಾ, ಕಳೆಯೋದಾ?" ಅಂತ ಕೇಳುವ ಮಗುವಿಗೆ ಹೇಳಿಕೆ ಲೆಕ್ಕ ಕಲಿಸುವುದು ಹೇಗೆ?

ಮಗ 4ನೇ ಕ್ಲಾಸು, ಮಗ್ಗಿ ಬರುತ್ತದೆ, ಕೂಡುವುದು ಕಳೆಯುವುದು ಚೆನ್ನಾಗಿ ಮಾಡುತ್ತಾನೆ, ಆದರೆ ಹೇಳಿಕೆ ಲೆಕ್ಕ, ಅಂದರೆ ವಾಕ್ಯದಲ್ಲಿ ಕೊಟ್ಟ ಲೆಕ್ಕ, ಬಂದ ಕೂಡಲೇ "ಇದು ಕೂಡಿಸೋದಾ, ಕಳೆಯೋದಾ?" ಅಂತ ಕೇಳುತ್ತಾನೆ ಅಂದಿದ್ದೀರಿ. ನಾನು ಕಾರವಾರದವಳು. ಸಂಜೆ ನಮ್ಮ ಓಣಿಯ ಐದಾರು ಮಕ್ಕಳು ನಮ್ಮ ಜಗಲಿಯಲ್ಲಿ ಕೂತು ಓದುತ್ತಾರೆ. ಈ ಪ್ರಶ್ನೆ ದಿನಾ ನನ್ನ ಕಿವಿಗೆ ಬೀಳುತ್ತದೆ.

ಆ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಲೇಬೇಡಿ. ನೀವು "ಕಳೆಯೋದು" ಅಂದ ತಕ್ಷಣ ಅವನು ಎರಡು ಅಂಕಿ ಹೆಕ್ಕಿಕೊಂಡು ಕಳೆದುಬಿಡುತ್ತಾನೆ. ಲೆಕ್ಕದಲ್ಲಿ ಏನು ನಡೆದಿದೆ ಅಂತ ಓದುವುದೇ ಇಲ್ಲ.

ಇದು ನಿಮ್ಮ ಮಗನೊಬ್ಬನ ಕಥೆ ಅಲ್ಲ. 1980ರ ಹೊತ್ತಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 97 ಸಣ್ಣ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ನೋಡಿದ್ದರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 76 ಮಕ್ಕಳು ಅದೇ ಅಂಕಿಗಳಿಂದ ಏನೋ ಒಂದು ಉತ್ತರ ತೆಗೆದು ಬರೆದರು. ನಾನೂ ಇದನ್ನು ನಮ್ಮ ಊರಿಗೆ ಹೊಂದಿಸಿ ಕೇಳಿದೆ: "ಬೋಟಿನಲ್ಲಿ 26 ಬುಟ್ಟಿ ಬಂಗಡೆ, 10 ಬುಟ್ಟಿ ತಾರ್ಲೆ. ತಾಂಡೇಲನ (ಬೋಟು ನಡೆಸುವವನ) ವಯಸ್ಸೆಷ್ಟು?" ನಾಲ್ಕು ಮಕ್ಕಳು 36 ಅಂದರು. ಒಬ್ಬ ಹುಡುಗಿ ಮಾತ್ರ ಪೆನ್ಸಿಲ್ ಕೆಳಗಿಟ್ಟು, "ಅಕ್ಕಾ, ಮೀನು ಎಣಿಸಿದ್ರೆ ವಯಸ್ಸು ಹ್ಯಾಗೆ ಗೊತ್ತಾಗ್ತದೆ?" ಅಂದಳು. ಆ ಪ್ರಶ್ನೆ ಬರಬೇಕು. ಅದು ಬಂದರೆ ಮಗು ಓದುತ್ತಿದೆ ಅಂತ ಅರ್ಥ.

"ಒಟ್ಟು" ಅಂದರೆ ಕೂಡು, "ಉಳಿದ" ಅಂದರೆ ಕಳೆ, "ಹೆಚ್ಚು" ಅಂದರೆ ಕೂಡು ಅಂತ ಪಾಠ ಮಾಡಿಸುವವರು ಬಹಳ ಜನ ಇದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ. ಈ ಲೆಕ್ಕ ನೋಡಿ: "ಅಂಗಡಿಯಲ್ಲಿ 45 ಪೆನ್ಸಿಲ್ ಇವೆ. ಇವು ಪೆನ್ನುಗಳಿಗಿಂತ 18 ಹೆಚ್ಚು. ಪೆನ್ನುಗಳೆಷ್ಟು?" ಪಕ್ಕದ ಮನೆಯ ಹುಡುಗ "ಹೆಚ್ಚು" ನೋಡಿದವನೇ ಕೂಡಿಸಿ 63 ಬರೆದ. ಅವನ ಅಮ್ಮ ಮೀನು ಮಾರುತ್ತಾರೆ. ನಾನು ಪುಸ್ತಕ ಮುಚ್ಚಿಸಿ ಕೇಳಿದೆ: "ನಿನ್ನ ಅಮ್ಮನ ಬುಟ್ಟಿಯಲ್ಲಿ 45 ಬಂಗಡೆ. ಅದು ಮಾವಶಿ (ಚಿಕ್ಕಮ್ಮ) ಬುಟ್ಟಿಗಿಂತ 18 ಜಾಸ್ತಿ. ಯಾರ ಬುಟ್ಟಿ ಭಾರ?" "ಅಮ್ಮಂದು." "ಹಾಗಾದ್ರೆ ಮಾವಶಿ ಹತ್ರ 45ಕ್ಕಿಂತ ಜಾಸ್ತಿ ಇರ್ತದಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ 63 ಹೊಡೆದು ಹಾಕಿ 27 ಬರೆದ.

ಆವತ್ತಿನಿಂದ ಇಂಥ ಲೆಕ್ಕಕ್ಕೆ ಎರಡು ಪಟ್ಟಿ ಎಳೆಸುತ್ತೇನೆ. ಮೇಲೆ ಉದ್ದದ ಪಟ್ಟಿ ಅಮ್ಮಂದು, ಅದರಲ್ಲಿ 45. ಕೆಳಗೆ ಗಿಡ್ಡ ಪಟ್ಟಿ ಮಾವಶಿಯದು, ಅದರಲ್ಲಿ ಪ್ರಶ್ನೆ ಚಿಹ್ನೆ. ಗಿಡ್ಡ ಪಟ್ಟಿ ಮುಗಿದಲ್ಲಿಂದ ಉದ್ದದ ಪಟ್ಟಿಯ ತುದಿವರೆಗಿನ ಜಾಗಕ್ಕೆ 18. ಬೀನ್ಸ್ ಕಾಯಿ, ಹುಣಸೆ ಬೀಜ ಇಟ್ಟೂ ಮಾಡಬಹುದು, ಆದರೆ ಅಂಕಿ ದೊಡ್ಡದಾದರೆ ಪಟ್ಟಿಯೇ ಅನುಕೂಲ.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಗಮನಿಸಲೇಬೇಕು. ಇಲ್ಲಿ ತುಂಬಾ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಕನ್ನಡವೇ ಆದರೂ ಪುಸ್ತಕದ ಕನ್ನಡ ಬೇರೆ. "ತಲಾ" ಅಂದರೆ ಏನು ಅಂತ ಕೇಳಿ ನೋಡಿ, ಅರ್ಧ ಮಕ್ಕಳು ತಲೆ ಮುಟ್ಟಿಕೊಳ್ಳುತ್ತಾರೆ. "ಒಬ್ಬೊಬ್ಬರಿಗೆ ಇಷ್ಟಿಷ್ಟು" ಅಂದರೆ ಕೂಡಲೇ ಗೊತ್ತಾಗುತ್ತದೆ. ಹಾಗಾಗಿ ಲೆಕ್ಕವನ್ನು ಎರಡು ಸಲ ಓದಿಸಿ, ಪುಸ್ತಕ ಮಗುಚಿ ಇಟ್ಟು, ಕಥೆಯ ಹಾಗೆ ಮನೆ ಮಾತಿನಲ್ಲಿ ಹೇಳಲು ಬಿಡಿ. ಅಂಕಿ ಮರೆತರೂ ಪರವಾಗಿಲ್ಲ. ಯಾರ ಹತ್ತಿರ ಏನಿತ್ತು, ಏನಾಯಿತು, ಏನು ಕೇಳಿದ್ದಾರೆ, ಇಷ್ಟು ಬಂದರೆ ಸಾಕು. ನನ್ನ ಅನುಭವದಲ್ಲಿ ಈ ಒಂದು ಅಭ್ಯಾಸದಿಂದ ಆದಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಿಲ್ಲ.

ಪೆನ್ಸಿಲ್ ಹಿಡಿಯುವ ಮೊದಲು ಲೆಕ್ಕದಲ್ಲಿ ಕೊಟ್ಟ ಅಂಕಿ ತೋರಿಸಿ "ಉತ್ತರ ಇದಕ್ಕಿಂತ ಜಾಸ್ತಿ ಬರಬೇಕಾ, ಕಮ್ಮಿನಾ?" ಅಂತಲೂ ಒಮ್ಮೆ ಕೇಳಿ.

ಭಾಗಾಕಾರದಲ್ಲಿ ಶೇಷ ಬಂದಾಗ ಜಾಸ್ತಿ ತೊಂದರೆ. ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಇಲ್ಲಿಂದ ಜನ ದೋಣಿಯಲ್ಲಿ ದ್ವೀಪಕ್ಕೆ ಹೋಗುತ್ತಾರೆ. ನಾನು ಅದನ್ನೇ ಲೆಕ್ಕ ಮಾಡಿ ಕೊಟ್ಟೆ: 38 ಜನ, ಒಂದು ದೋಣಿಗೆ 8 ಜನ ಮಾತ್ರ, ಎಷ್ಟು ದೋಣಿ ಬೇಕು? ಎಲ್ಲರೂ "4, ಶೇಷ 6" ಅಂತ ಬರೆದರು. "ಆ 6 ಜನ ಜಾತ್ರೆಗೆ ಹೋಗೋದು ಬೇಡ್ವಾ?" ಅಂದೆ. "ಬೇಕು, ಇನ್ನೊಂದು ದೋಣಿ!" ಅಂತ ಕೂಗಿದರು. ಮರುದಿನ ಅದೇ ಅಂಕಿ ಇಟ್ಟು, 38 ಲಾಡು, ಪೊಟ್ಟಣಕ್ಕೆ 8, ತುಂಬಿದ ಪೊಟ್ಟಣ ಎಷ್ಟು ಅಂತ ಕೇಳಿದೆ. ಈಗ ಉತ್ತರ 4. ಭಾಗಾಕಾರ ಎರಡಕ್ಕೂ ಒಂದೇ, ಉತ್ತರ ಬೇರೆ. ಅದಕ್ಕೇ ಉತ್ತರವನ್ನು ಬರೀ ಅಂಕಿಯಲ್ಲಿ ಬಿಡದೆ "5 ದೋಣಿ ಬೇಕು" ಅಂತ ಪೂರ್ತಿ ವಾಕ್ಯದಲ್ಲೇ ಬರೆಸಿ.

ದಿನಕ್ಕೆ ಎರಡು ಲೆಕ್ಕ ಸಾಕು. ಹತ್ತು ಕೊಟ್ಟರೆ ಮತ್ತೆ ಅಂಕಿ ಹೆಕ್ಕಲು ಶುರು ಮಾಡುತ್ತಾರೆ. ಒಂದು ವಾರ ಹೀಗೆ ಮಾಡಿದ ಮೇಲೆ ತಿರುಗಿಸಿ: 27 + 18 ಅಂತ ಬರೆದು ಕೊಟ್ಟು, ಇದಕ್ಕೊಂದು ಕಥೆ ಕಟ್ಟು ಅನ್ನಿ. ಮೊದಲು ಮಾವಿನಹಣ್ಣು, ಚಾಕೊಲೇಟು ಬರುತ್ತವೆ. ಆಮೇಲೆ 27 - 18 ಕೊಡಿ. ಎರಡಕ್ಕೂ ಬೇರೆ ಬೇರೆ ಕಥೆ ಅವನೇ ಹೇಳಿದ ದಿನ "ಕೂಡಿಸೋದಾ, ಕಳೆಯೋದಾ" ಅಂತ ನಿಮ್ಮನ್ನು ಕೇಳುವುದು ತಾನಾಗಿಯೇ ಕಮ್ಮಿ ಆಗುತ್ತದೆ. 63 ಬರೆದಿದ್ದ ಪಕ್ಕದ ಮನೆಯ ಆ ಹುಡುಗನಿಗೆ ಸುಮಾರು ಎರಡು ತಿಂಗಳು ಹಿಡಿಯಿತು.